ಬಾಲ ಯಾರ ಮನೆಯ ಮೇಲಿತ್ತು?

ಮನೆಯಲ್ಲಿ ಒಬ್ಬರು ಹೋದರೆ, ಉಳಿದವರಿಗೆ ದುಃಖಪಡುವುದಕ್ಕೂ ಮೊದಲು ಕಾರಣ ಹೇಳುವ ಕೆಲಸ ಬರುತ್ತದೆ. ನಮ್ಮವರು ಹೋದದ್ದು ಹೃದಯಾಘಾತದಿಂದ ಎಂದು ಡಾಕ್ಟರು ಕಾಗದದಲ್ಲೇ ಬರೆದುಕೊಟ್ಟಿದ್ದರು. ಅದು ಸರಕಾರಕ್ಕೆ ಸಾಕು, ನೆಂಟರಿಗೆ ಸಾಲದು. ಅವರಿಗೆ ಇನ್ನೂ ದೂರದ ಕಾರಣ ಬೇಕು. ಈ ಸಲ ಅದು ಬಹಳ ದೂರದಿಂದಲೇ ಸಿಕ್ಕಿತು. ಆ ವಾರ ಆಕಾಶದಲ್ಲಿ ಧೂಮಕೇತು ಇತ್ತು.

ಪುತ್ತೂರಿನ ದರ್ಬೆಯಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಸೂರ್ಯ ಮುಳುಗಿದ ಕೂಡಲೇ ನಮ್ಮವರು ಅಂಗಡಿ ಬಿಟ್ಟು, ಹಿಂದೆಯೇ ಇರುವ ನಮ್ಮ ಮನೆಯ ಟೆರೇಸು ಹತ್ತಿ, ಪಡುವಣದಲ್ಲಿ ಅದನ್ನು ಹುಡುಕುತ್ತಿದ್ದರು. "ಅದೆಂತ ದೊಡ್ಡ ಸಂಗತಿ ಅಲ್ಲ ಮಾರಾಯ್ತಿ," ಎನ್ನುತ್ತಿದ್ದರು. "ಬರೀ ಐಸು, ಧೂಳು. ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಉಂಟಲ್ಲ, ಅದೇ. ಸೂರ್ಯನ ಹತ್ರ ಬಂದಾಗ ಆವಿಯಾಗಿ ಬಾಲ ಬರುದು." ಆಕಾಶದ ವಿಷಯ ಹೇಳುತ್ತಾ ನನ್ನ ಫ್ರಿಜ್ಜಿನ ಮಾನ ತೆಗೆದದ್ದಕ್ಕೆ ಆಗ ಸಿಟ್ಟು ಬಂದಿತ್ತು. ಈಗ ಫ್ರಿಜ್ಜು ಚೊಕ್ಕಟವಾಗಿದೆ. ನೋಡಿ ಹೇಳುವವರಿಲ್ಲ.

ಹನ್ನೆರಡನೆಯ ದಿನ, ಊಟ ಮುಗಿದು ವೀಳ್ಯದ ತಟ್ಟೆ ಸುತ್ತುತ್ತಿದ್ದಾಗ ಕಲ್ಲುಗುಂಡಿಯ ಭಾವ, ಅಂದರೆ ನಮ್ಮವರ ಅಣ್ಣ, ಗಂಟಲು ಸರಿಮಾಡಿಕೊಂಡರು. "ನೋಡು ಶಾಂತಾ, ಜೋಯಿಸರು ಹೇಳಿದ್ದಾರೆ. ಬಾಲ ಸರೀ ಈ ಮನೆ ಮೇಲೇ ಇತ್ತಂತೆ. ಆರು ತಿಂಗಳು ಮನೆಗೆ ಬೀಗ ಹಾಕುದು. ನೀನು ನಮ್ಮಲ್ಲಿಗೆ ಬಾ."

ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಪಂಚಾಂಗದ ಪ್ರಕಾರ ಇವರು ಹೋದದ್ದು ಒಳ್ಳೆಯ ನಕ್ಷತ್ರದಲ್ಲಿ. ಜೋಯಿಸರು ಕೇಳಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ; ಧೂಮಕೇತು ಕೊಟ್ಟು ಕಳಿಸಿದ್ದರು. ಹಿಂದಿನ ಕಾಲದಲ್ಲಿ ಅದು ಬಂದರೆ ರಾಜರಿಗೆ ಕೇಡಂತೆ, ಯುದ್ಧವಂತೆ, ಸಿಂಹಾಸನ ಉರುಳುತ್ತಿತ್ತಂತೆ. ಈಗ ಅದರ ಅಂತಸ್ತು ಇಳಿದು ಇಳಿದು ಜೆರಾಕ್ಸ್ ಅಂಗಡಿಯವರ ವರೆಗೆ ಬಂದಿದೆ. ನಮ್ಮವರಿದ್ದಿದ್ದರೆ ಇದನ್ನೊಂದು ಗೌರವವೆಂದೇ ತಿಳಿಯುತ್ತಿದ್ದರು.

ನಾನು ಗೋಡೆಯ ಕಡೆ ನೋಡಿದೆ. ಅವರ ಅಂಗಿ ಇನ್ನೂ ಮೊಳೆಯಲ್ಲೇ ಇತ್ತು. ಅದನ್ನು ಒಳಗಿಟ್ಟು ಬೀಗ ಹಾಕಿ ಹೋಗುವುದೆಂದರೆ?

"ಈ ಮನೆ ಮೇಲೇ ಅಂತ ಹೇಗೆ ಗೊತ್ತು ಭಾವ?" ಮೆಲ್ಲಗೆ ಕೇಳಿದೆ.

"ನಾನೇ ನೋಡಿದ್ದಲ್ವಾ! ನಮ್ಮ ಅಂಗಳದಿಂದ ನೋಡಿದ್ರೆ ಪುತ್ತೂರಿನ ದಿಕ್ಕಿಗೇ ಇತ್ತು."

ಕಬಕದ ನಾದಿನಿ ಬಿಡಲಿಲ್ಲ. "ಅದು ಹೇಗೆ ಅಣ್ಣಾ? ನಮ್ಮ ತಲೆ ಮೇಲೇ ಇತ್ತಲ್ಲ! ಆ ವಾರವೇ ನಮ್ಮ ಮಿಕ್ಸಿ ಹೊತ್ತಿ ಹೋದದ್ದು."

"ನಿಮ್ಮದೆಂತ ಬಾಲ!" ಎಂದರು ಕಡಬದ ಚಿಕ್ಕಪ್ಪ. "ನಮ್ಮಲ್ಲಿ ನೋಡ್ಬೇಕಿತ್ತು, ಇಷ್ಟುದ್ದ! ನನ್ನ ಮಂಡಿನೋವು ಅವತ್ತೇ ಶುರು."

ಬಾಲ ಯಾವಾಗಲೂ ಸೂರ್ಯನಿಂದ ಆಚೆಗೇ ಚಾಚಿರುತ್ತದೆ. ಸೂರ್ಯ ಮುಳುಗಿದ ಮೇಲೆ ಯಾವ ಊರಿನವರು ನೋಡಿದರೂ ಅದು ಮೇಲಕ್ಕೇ ಕಾಣುವುದು ಎಂದು ನಮ್ಮವರು ಹೇಳಿದ್ದರು. ಅದನ್ನು ಹೇಳಲು ನನಗೆ ಸಂದು ಸಿಗಲಿಲ್ಲ. ಪಾಲುಪಟ್ಟಿಯ ದಿನವೂ ಇಷ್ಟು ಗಲಾಟೆಯಾಗಿರಲಿಲ್ಲ. ಸ್ವಲ್ಪ ತಣ್ಣಗಾದ ಮೇಲೆ ಕೇಳಿದೆ: "ಹಾಗಾದ್ರೆ ನೀವೆಲ್ಲ ಬೀಗ ಹಾಕುದು ಯಾವಾಗ? ಆಮೇಲೆ ನಾನು ಯಾರ ಮನೆಗೆ ಬರುದು?"

ಭಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. "ಒಂದು ಸಣ್ಣ ಹೋಮ ಮಾಡಿಸಿದ್ರೂ ಸಾಕು ಅಂತ ಕಾಣ್ತದೆ," ಎಂದರು.

ಮನೆ ಉಳಿಯಿತು. ಧೂಮಕೇತು ನಿರಪರಾಧಿಯಾಗಿ ತನ್ನ ದಾರಿ ಹಿಡಿಯಿತು. ತೊಂದರೆ ಶುರುವಾದದ್ದೇ ಆಮೇಲೆ. ಅದಲ್ಲವಾದರೆ ಮತ್ತೇನು ಎಂದು ಮನಸ್ಸು ಹುಡುಕುತ್ತದೆ. ಎಣ್ಣೆಯದ್ದು ಕೊಡಬೇಡಿ ಎಂದು ಡಾಕ್ಟರು ಹೇಳಿದ ಮೇಲೂ, ಟೆರೇಸು ಇಳಿದು ಬಂದವರಿಗೆ ದಿನವೂ ಬಿಸಿ ಬಿಸಿ ಬಾಳೆಕಾಯಿ ಪೋಡಿ ಕರಿದು ಬಡಿಸಿದವಳು ನಾನೇ. ಬಾಲ ನಮ್ಮ ಮನೆಯ ಮೇಲೇ ಇತ್ತೋ ಏನೋ, ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದು ಭಾವನಿಗೆ ಹೇಳೋಣವೆಂದು ಎರಡು ಸಲ ಫೋನು ಕೈಗೆತ್ತಿಕೊಂಡಿದ್ದೇನೆ.