ಬಣ್ಣಪ್ಪನಿಗೆ ಟೆನ್ಶನ್ ಕೊಡಬಾರದು

ಮನೆಯಲ್ಲಿ ಶಾಂತಿ ಇರಲಿ ಎಂದು ನಾವು ಪಣ ತೊಟ್ಟಾಗಲೆಲ್ಲ ಗಲಾಟೆ ತಾನಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತದೆ. ನೆದರ್‌ಲ್ಯಾಂಡ್ಸ್‌ನ ವೆಲ್ಡ್‌ಹೋವನ್‌ ಊರಿನ ನಮ್ಮ ಮನೆಗೆ ಈ ಸಲ ಅದು ನಾಲ್ಕು ಕಾಲಿನ ಮೇಲೆ, ಬಹಳ ನಿಧಾನವಾಗಿ ಬಂತು.

ಷರತ್ತುಗಳು

ಎರಡು ವರ್ಷ ಕಾಡಿ ಬೇಡಿ ನನ್ನ ಮಗಳು ಒಂದು ಗೋಸುಂಬೆ ಸಂಪಾದಿಸಿದಳು. ಯಾರೋ ಸಾಕಲಾರದೆ ಬಿಟ್ಟುಹೋದ ಪ್ರಾಣಿ. ಬಣ್ಣಪ್ಪ ಎಂದು ಹೆಸರಿಟ್ಟೆವು. ಅದನ್ನು ನಮಗೆ ಕೊಟ್ಟ ಪ್ರಾಣಿಗಳ ಆಶ್ರಯಧಾಮದ ಡಚ್ ಮೇಡಂ ಷರತ್ತುಗಳನ್ನು ಓದಿದರು: ಎತ್ತಿ ಮುದ್ದಾಡಬಾರದು, ದಿಟ್ಟಿಸಿ ನೋಡಬಾರದು, ಗದ್ದಲ ಕೂಡದು, ಎಲೆಗಳ ಮೇಲೆ ದಿನಾ ನೀರು ಸಿಂಪಡಿಸಬೇಕು. ಟೆನ್ಶನ್ ಆದರೆ ಮೈ ಕಪ್ಪಾಗುತ್ತದೆ. ತಿಂಗಳಾದ ಮೇಲೆ ಬಂದು ನೋಡುತ್ತೇನೆ, ಹಾಗೇನಾದರೂ ಇದ್ದರೆ ವಾಪಸ್ ಕರೆದುಕೊಂಡು ಹೋಗುತ್ತೇನೆ ಎಂದರು. ಮಗಳ ಮುಖ ಅಲ್ಲೇ ಬಿಳುಚಿಕೊಂಡಿತು.

ಕಾರು ಹತ್ತಿದ ಮೇಲೆ ಹೆಂಡತಿ ನಿಟ್ಟುಸಿರು ಬಿಟ್ಟಳು. "ನಮ್ಮ ಮದುವೇಲಿ ನನ್ನ ಪರವಾಗಿ ಯಾರೂ ಹೀಗೆ ಷರತ್ತು ಓದ್ಲಿಲ್ವಲ್ರೀ!"

ಮೈಸೂರಿಗೆ ಫೋನು

ಅದೇ ವಾರ ಮೂರು ತಿಂಗಳ ವೀಸಾದಲ್ಲಿ ನನ್ನ ಅತ್ತೆ ಬಂದಿಳಿದರು. ಒಂದು ಸಂಜೆ ಮೈಸೂರಿನ ತಂಗಿಗೆ ಸ್ಪೀಕರ್ ಹಾಕಿಕೊಂಡು ವರದಿ ಒಪ್ಪಿಸುತ್ತಿದ್ದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

"ಮನೇಲಿ ಒಂದು ಗೋಸುಂಬೆ ಇದೆ ಕಣೇ. ಗಳಿಗೆಗೊಂದು ಬಣ್ಣ. ದಿನವಿಡೀ ಬಿಸಿಲು ಕಾಯ್ಕೊಂಡು ಕೂತಿರತ್ತೆ, ಹೊತ್ತುಹೊತ್ತಿಗೆ ತಿನ್ನಿಸಬೇಕು, ಏನಾದ್ರೂ ಅಂದ್ರೆ ಮುಖ ಕಪ್ಪಿಡತ್ತೆ."

ಆ ಕಡೆಯಿಂದ ಚಿಕ್ಕತ್ತೆ ಸಮಾಧಾನ ಹೇಳಿದರು: "ಸಹಿಸ್ಕೋ ಅಕ್ಕಾ. ಎಲ್ಲರ ಅಳಿಯಂದಿರೂ ಹಾಗೇನೇ."

ಮಡಿ

ಬಣ್ಣಪ್ಪನ ಆಹಾರ ಜೀವಂತ ಮಿಡತೆ. ನಮ್ಮದು ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನೆ. ಎರಡು ದಿನ ಅತ್ತೆ ಹಾಲ್ ಕಡೆ ಸುಳಿಯಲಿಲ್ಲ. ಆಮೇಲೆ ಮೊಮ್ಮಗಳು ಮಿಡತೆಗಳಿಗೆ ಕ್ಯಾರೆಟ್ ಹಾಕುವುದನ್ನು ನೋಡಿದರು.

"ಹುಳ ತಿನ್ನೋದು ಕ್ಯಾರೆಟ್ಟು, ಇವನು ತಿನ್ನೋದು ಹುಳ. ಅಂದ್ಮೇಲೆ ಇವನೂ ಸಸ್ಯಾಹಾರೀನೇ!" ಎಂದು ತೀರ್ಪು ಕೊಟ್ಟು ಮಿಡತೆಗಳ ಊಟದ ಉಸ್ತುವಾರಿಯನ್ನು ತಾವೇ ವಹಿಸಿಕೊಂಡರು. ಮುಂದಿನ ವಾರ ಮಗಳು ಕ್ಯಾರೆಟ್ ಹಿಡಿದು ಹೋದರೆ ಗದರಿದರು. "ಇವತ್ತು ಏಕಾದಶಿ. ಮಿಡತೆಗಳಿಗೆ ಬರೀ ಹಣ್ಣು."

ದೃಷ್ಟಿ

ಇಲ್ಲಿನವರು ಬೀದಿ ಕಡೆಯ ದೊಡ್ಡ ಕಿಟಕಿಗೂ ಪರದೆ ಎಳೆಯುವುದಿಲ್ಲ. ನಾವೂ ಅದನ್ನೇ ಕಲಿತುಬಿಟ್ಟಿದ್ದೇವೆ. ಬಣ್ಣಪ್ಪನ ಗೂಡು ಆ ಕಿಟಕಿಯ ಪಕ್ಕದಲ್ಲಿತ್ತು. ಸೈಕಲ್ಲಿನಲ್ಲಿ ಹೋಗುವವರೆಲ್ಲ ಅವನ ಕಡೆ ಕತ್ತು ತಿರುಗಿಸುವುದನ್ನು ಅತ್ತೆ ಗಮನಿಸಿದರು.

"ಊರವರ ಕಣ್ಣೆಲ್ಲ ಇವನ ಮೇಲೇ. ದೃಷ್ಟಿ ತಾಗದೆ ಇರತ್ತಾ?" ಎಂದು ಮೈಸೂರಿನಿಂದ ತಂದಿದ್ದ ಹಿತ್ತಾಳೆಯ ದೊಡ್ಡ ಆರತಿ ತಟ್ಟೆಯನ್ನು ಕಿಟಕಿಗೂ ಗೂಡಿಗೂ ನಡುವೆ ಅಡ್ಡ ನಿಲ್ಲಿಸಿದರು. ಯಾರೂ ದಿಟ್ಟಿಸಬಾರದು ಎಂದು ಷರತ್ತೇ ಇತ್ತಲ್ಲ, ನಮಗೂ ಸರಿಯೆನಿಸಿತು.

ಮಾರನೆಯ ದಿನದಿಂದ ಬಣ್ಣಪ್ಪ ಕಪ್ಪಾಗತೊಡಗಿದ. ಬುಸುಗುಟ್ಟಿದ, ಊಟ ಬಿಟ್ಟ. ದೃಷ್ಟಿ ಜೋರಾಗಿದೆ ಎಂದು ಅತ್ತೆ ದಿನಾ ಹುಣಸೆಹಣ್ಣು ಹಾಕಿ ತಟ್ಟೆ ತಿಕ್ಕಿದರು. ತಟ್ಟೆ ಹೊಳೆದಷ್ಟೂ ಅವನು ಕಪ್ಪಾದ. ಮಗಳು ಶಾಲೆಯಿಂದ ಬಂದವಳೇ ಗೂಡಿನ ಮುಂದೆ ಕೂತು ಅಳುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು.

ಹೇಳಿದ ದಿನ, ಹೇಳಿದ ನಿಮಿಷಕ್ಕೆ ಮೇಡಂ ಬಂದರು. ಕೈಯಲ್ಲಿ ವಾಪಸ್ ಒಯ್ಯುವ ಪೆಟ್ಟಿಗೆ. ಇದ್ದಿಲಿನಂತಿದ್ದ ಬಣ್ಣಪ್ಪನನ್ನು ನೋಡಿದರು. ಬಗ್ಗಿ ಅವನ ಕಣ್ಣು ಹೋದ ದಿಕ್ಕಿಗೇ ನೋಡಿದರು. ತಟ್ಟೆಯನ್ನು ಎತ್ತಿ ಬೋರಲು ಹಾಕಿದರು.

ಕಾಫಿ ಮುಗಿಯುವಷ್ಟರಲ್ಲಿ ಬಣ್ಣಪ್ಪ ಹಸಿರಾಗತೊಡಗಿದ. ಒಂದು ಮಿಡತೆಯನ್ನೂ ನುಂಗಿದ. ಮೇಡಂ ವಿವರಿಸಿದ್ದನ್ನು ಮಗಳು ಕಣ್ಣೊರೆಸಿಕೊಳ್ಳುತ್ತಾ ಕನ್ನಡಕ್ಕೆ ತಂದಳು: "ಅಜ್ಜೀ, ಗೋಸುಂಬೆಗೆ ಇನ್ನೊಂದು ಗೋಸುಂಬೆ ಕಂಡ್ರೆ ಆಗಲ್ಲ. ತಟ್ಟೇಲಿ ಕಾಣ್ತಿದ್ದಿದ್ದು ತಾನೇ ಅಂತ ಅವನಿಗೆ ಗೊತ್ತಿಲ್ಲ. ವಾರಪೂರ್ತಿ ತನ್ನನ್ನೇ ಗುರಾಯಿಸ್ತಿದ್ದ!"

ಅತ್ತೆ ಪೆಚ್ಚಾಗುತ್ತಾರೆ ಎಂದು ನಾನು ಕಾದೆ. ಅವರು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ನೋಡಿದ್ರಾ? ದೃಷ್ಟಿ ಅಂತ ನಾನು ಮೊದ್ಲೇ ಹೇಳ್ಲಿಲ್ವಾ? ಅವನ ದೃಷ್ಟಿ ಅವನಿಗೇ ತಾಗಿದೆ!"