ಬದು ತಿಂದ ನಕ್ಷತ್ರ

ನನ್ನ ಕೆಲಸ ಏನೆಂದು ಊರಲ್ಲಿ ಹೇಳಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಹೇಳದಿದ್ದರೆ, ಹುಡುಗಿ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿರುತ್ತಾಳೆ ಅನ್ನುತ್ತಾರೆ. ಹಾಗಾಗಿ ಹೇಳುತ್ತೇನೆ, ಅನುಭವಿಸುತ್ತೇನೆ.

೧. ಬಸ್ಸಿನಲ್ಲಿ

ಮಧುಗಿರಿಯಲ್ಲಿ ಬಸ್ಸು ಹತ್ತಿದ್ದೆ. ಪಕ್ಕದ ಹೆಂಗಸು ಏನು ಓದುತ್ತಿದ್ದೀಯ ಎಂದು ಕೇಳಿದರು. ಪಲ್ಸಾರ್ ಅಂತ, ಸತ್ತ ನಕ್ಷತ್ರ, ಅದರಿಂದ ಬರುವ ಎಕ್ಸ್-ರೇ ಬಗ್ಗೆ ಸಂಶೋಧನೆ ಅಂದೆ. ಎಷ್ಟು ದೊಡ್ಡದು ಅಂದರು. ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು, ಅಗಲ ಮಾತ್ರ ಹೆಚ್ಚುಕಡಿಮೆ ಮಧುಗಿರಿಯಿಂದ ಕೊರಟಗೆರೆಯಷ್ಟೇ ಎಂದು ವಿವರಿಸಿದೆ. ಈ ಲೆಕ್ಕ ಯಾರಿಗಾದರೂ ಅರ್ಥವಾಗುತ್ತದೆ ಎಂದು ನನಗೆ ಹೆಮ್ಮೆ. ಅವರಿಗೂ ಅರ್ಥವಾಯಿತು. ಕೊರಟಗೆರೆಯಲ್ಲಿ ಇಳಿಯುವಾಗ ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿ, "ಇಷ್ಟಕ್ಕೆ ಅಷ್ಟೊಂದ್ ವರ್ಷ ಓದ್ಬೇಕೇನವ್ವ?" ಅಂದರು.

೨. ಶಾಲೆಯಲ್ಲಿ

ಇಲ್ಲಿ ಮನೆಯ ವಿಷಯವೊಂದನ್ನು ಹೇಳಬೇಕು. ದೊಡ್ಡೇರಿ ಕಡೆ ಇರುವ ನಮ್ಮ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ನಡುವೆ ಒಂದು ಬದು. ಉಳುವಾಗಲೆಲ್ಲ ದೊಡ್ಡಪ್ಪ ಅದನ್ನು ಒಂದಿಷ್ಟು ನಮ್ಮ ಕಡೆಗೆ ತಳ್ಳುತ್ತಾರೆ. ಅಮ್ಮ ಅವರೆಕಾಳು ಹಾಕುತ್ತಿದ್ದ ಅಂಚಿನ ಸಾಲೇ ಹೋಗಿಬಿಟ್ಟಿತ್ತು. ಅಪ್ಪ ಮಾತ್ರ, "ಅಣ್ಣ ಅಲ್ವಾ, ಬುಡು" ಅನ್ನುತ್ತಾರೆ. ಅಮ್ಮನಿಗೆ ಹೊಟ್ಟೆ ಉರಿ.

ಊರಿನ ಶಾಲೆಯಲ್ಲಿ ನನ್ನನ್ನು ಮಾತಾಡಲು ಕರೆದಿದ್ದರು. ಅಪ್ಪ, ದೊಡ್ಡಪ್ಪ ಸೇರಿ ಊರಿಗೆ ಊರೇ ಬಂದಿತ್ತು. ಈ ಸತ್ತ ನಕ್ಷತ್ರ ಪಕ್ಕದ ನಕ್ಷತ್ರದ ಅನಿಲವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತದೆ, ಎಳೆದುಕೊಂಡದ್ದು ಬೀಳುವ ರಭಸಕ್ಕೆ ಕಾದು ಎಕ್ಸ್-ರೇ ಹೊಮ್ಮುತ್ತದೆ, ಮೇಲಿರುವ ಉಪಗ್ರಹ ಅದನ್ನು ಹಿಡಿಯುತ್ತದೆ, ತಿಂದಿದ್ದರಿಂದಲೇ ನಕ್ಷತ್ರ ಸಿಕ್ಕಿಬೀಳುತ್ತದೆ ಎಂದೆಲ್ಲ ಉತ್ಸಾಹದಿಂದ ಹೇಳಿದೆ. ನೋಡಿದರೆ ಸಭೆಯ ತಲೆಗಳೆಲ್ಲ ದೊಡ್ಡಪ್ಪನ ಕಡೆ ತಿರುಗಿವೆ. ಮೇಷ್ಟ್ರು ಪಾಪ, ಏನಾದರೂ ಪ್ರಶ್ನೆ ಇದೆಯೇ ಎಂದರು. ಕುರಿ ಕಾಯುವ ಅಜ್ಜ ಹಿಂದಿನಿಂದ ಎದ್ದು, "ಆ ಪಕ್ಕದ್ದು ಸುಮ್ಕೆ ಕುಂತಿರ್ತೈತಾ?" ಎಂದು ಕೇಳಿದ.

ತಲೆಗಳೆಲ್ಲ ಅಪ್ಪನ ಕಡೆ ತಿರುಗಿದವು.

೩. ಜಗಲಿಯಲ್ಲಿ

ಸಂಜೆ ದೊಡ್ಡಪ್ಪ ಮನೆಗೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಅವರು ಜಗಲಿಯಲ್ಲಿ ಕೂತು, ಕಾಫಿ ಮುಗಿಸಿ, ಮೆಲ್ಲಗೆ ಕೇಳಿದರು: "ಮಗಾ, ನಿನ್ ಉಪಗ್ರಹ ಮೇಲಕ್ಕೇ ನೋಡ್ತೈತೋ, ಇತ್ಲಾಗೂ ತಿರುಗ್ತೈತೋ?"

ಮೇಲಕ್ಕೆ ಮಾತ್ರ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿಂದ ಅಮ್ಮ, "ಇವ್ಳು ಹೇಳಿದ್ ಕಡೀಕೆ ತಿರುಗ್ತೈತೆ ಬಾವ" ಅಂದಳು. ನನ್ನ ವಿಜ್ಞಾನವನ್ನೆಲ್ಲ ಕಾಫಿಯ ಜೊತೆ ನುಂಗಿಕೊಂಡೆ.

ಮುಂದಿನ ಉಳುಮೆಗೆ ಬದು ಹಳೆಯ ಜಾಗಕ್ಕೆ ಬಂತು. ಅಷ್ಟೇ ಅಲ್ಲ, ಹೆದರಿಕೆಗೆ ಇನ್ನೊಂದು ಸಾಲಿನಷ್ಟು ದೊಡ್ಡಪ್ಪನ ಹೊಲದೊಳಕ್ಕೇ ಹೋಗಿಬಿಟ್ಟಿತ್ತು. ಇದು ನಮ್ಮದಲ್ಲ, ಅವರಿಗೆ ಹೇಳಿಬಿಡೋಣ ಅಂದೆ. ಅಮ್ಮ ಆಗಲೇ ಆ ಸಾಲಿಗೂ ಅವರೆ ಬೀಜ ಹಾಕುತ್ತಿದ್ದಳು. ತಲೆ ಎತ್ತದೆ ಅಂದಳು:

"ಇನ್ ಆ ಉಪಗ್ರಹನ ಮೇಲಕ್ಕೆ ತಿರುಗ್ಸು."