ಪಿಯಾನೋ ಪೂಜೆಗೆ ಕೂತ ದಿನ

ಸಂಗೀತ ಸಭೆಯ ಸೆಕ್ರೆಟರಿ ಆದವನ ಮಾನ ಸಭೆಯ ಜಮಖಾನದ ಹಾಗೆ, ಯಾರು ಬೇಕಾದರೂ ತುಳಿದು ಹೋಗಬಹುದು. ಶಿರಸಿಯಲ್ಲಿ ಇಂಗ್ಲಿಷ್ ಕಲಿಸಿಕೊಂಡಿದ್ದ ನನಗೆ ಆ ಹುದ್ದೆ ಅಂಟಿದಾಗಿನಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇತ್ತು. ಆದರೆ ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಆದದ್ದನ್ನು ನೆನೆದರೆ, ಈಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮುಂಬೈಯಲ್ಲಿ ಕಛೇರಿ ಮುಗಿಸಿದ್ದ ಫ್ರಾನ್ಸಿನ ಪಿಯಾನೋ ವಾದಕಿಯೊಬ್ಬರು ಜೋಗ ನೋಡಲು ಹೊರಟಿದ್ದರು. ಹುಬ್ಬಳ್ಳಿಯ ಸ್ನೇಹಿತರ ಮನೆಯಲ್ಲಿ ಅವರನ್ನು ಕಂಡ ನಾನು, ಯಾರೂ ಕೇಳದಿದ್ದರೂ, "ದಾರಿಯಲ್ಲೇ ನಮ್ಮೂರು. ಅಲ್ಲೂ ಪಿಯಾನೋ ಇದೆ, ಒಂದು ಸಂಜೆ ನುಡಿಸಿ" ಅಂದುಬಿಟ್ಟೆ. ಇದ್ದದ್ದು ನಿಜ. ಬಿಳಿ ಸಾಹೇಬನೊಬ್ಬ ಬಿಟ್ಟುಹೋದ ಪಿಯಾನೋ ಕ್ಲಬ್ಬಿನ ಮೂಲೆಯಲ್ಲಿತ್ತು. ಅದರ ಸ್ವರ ಕೇಳಿದವರು ಮಾತ್ರ ಊರಲ್ಲಿ ಯಾರೂ ಇರಲಿಲ್ಲ. ಮೇಡಂ ಒಪ್ಪಿಬಿಟ್ಟರು. ಮಹಾನವಮಿಗೆ ಎಲ್ಲರಿಗೂ ರಜೆ, ಜನ ಸೇರುತ್ತಾರೆ ಅಂತ ಆ ದಿನವನ್ನೇ ಗೊತ್ತು ಮಾಡಿದೆ. ಊರಿನ ಮರ್ಯಾದೆ ನನ್ನ ತಲೆಯ ಮೇಲೆ ಬಂತು.

ರಿಪೇರಿ

ಬೆರಳಿಡುವ ಬಿಳಿ ಮನೆ, ಕರಿ ಮನೆಗಳ ಸಂಗತಿ ಬಲ್ಲವರೆಂದರೆ ನಮ್ಮ ಪೆಟ್ಟಿಗೆ ಮಾಸ್ತರು. ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ತುಳಿದು ಪಳಗಿದವರು. ಪಿಯಾನೋದ ಬುಡದಲ್ಲಿ ತುಳಿಯುವ ಪಟ್ಟಿ ಕಂಡದ್ದೇ ಅವರಿಗೆ ಜೀವ ಬಂತು. ಕೂತು ತುಳಿದರು, ತುಳಿದರು, ಬೆವರು ಒರೆಸಿಕೊಂಡರು.

"ತಿದಿ ಹಾಳಾಯ್ದು ಮಾರಾಯ. ಗಾಳಿನೇ ಹಿಡೀತಿಲ್ಲೆ."

"ಇದಕ್ಕೆ ಗಾಳಿ ಬೇಕೇ?" ಅಂತ ಕೇಳಿದೆ.

"ಇಂಗ್ಲಿಷು ನಿಂಗೆ ಗೊತ್ತಿದ್ದು, ಪೆಟ್ಟಿಗೆ ಯಂಗೆ ಗೊತ್ತಿದ್ದು" ಅಂದರು.

ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಹೊರಗೆ ಬಂದು, "ಒಳಗಿದ್ದ ಅಡ್ಡಿ ಎಲ್ಲ ತೆಗದಿದ್ದಿ. ಮೇಡಂ ಮುಟ್ಟವರೆಗೆ ಯಾರೂ ಮುಟ್ಟಡಿ" ಅಂದರು. ನಾವು ಮುಟ್ಟಲಿಲ್ಲ, ಶಾಲು ಹೊದಿಸಿದೆವು.

ಕಿವಿ

ಮೇಡಂ ಅವರನ್ನು ಎದುರುಗೊಳ್ಳಲು ಸಭೆಯವರೆಲ್ಲ ಯಲ್ಲಾಪುರದ ಪ್ರವಾಸಿ ಬಂಗಲೆಗೆ ಹೋದೆವು. ಚಹಾ ಆಯಿತು. ಅಧ್ಯಕ್ಷರು, ಅಂದರೆ ನಮ್ಮೂರಿನ ಅಡಿಕೆ ವ್ಯಾಪಾರಿ, "ಗುರುಗಳು ಯಾರು ಅಂತ ಕೇಳ್ರಿ" ಅಂದರು. ಕೇಳಿದೆ.

ಮೇಡಂ ಗುರುವಿನ ಹೆಸರು ಹೇಳಿದರು. ನಮ್ಮಲ್ಲಿ ಗಾನದವರು ಗುರುವಿನ ಹೆಸರು ಬಂದರೆ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತಾರಲ್ಲ, ಅಷ್ಟೂ ಜನ ಒಟ್ಟಿಗೆ ಕಿವಿ ಹಿಡಿದುಕೊಂಡರು. ಮೇಡಂ ಬೆಚ್ಚಿ ದನಿ ತಗ್ಗಿಸಿದರು. ಗುರುವಿನ ಗುರು ಯಾರು ಅಂದಾಗ ಇನ್ನಷ್ಟು ತಗ್ಗಿಸಿದರು. ಮತ್ತೆ ಎಲ್ಲರೂ ಕಿವಿಗೆ ಕೈ.

ಐದು ವರ್ಷಕ್ಕೇ ಕಲಿಯಲು ಕೂತದ್ದು, ಪ್ಯಾರಿಸ್ಸಿನಲ್ಲಿ ಬಹುಮಾನ ಗೆದ್ದದ್ದು, ಯುದ್ಧಕಾಲದಲ್ಲಿ ಪಿಯಾನೋ ಕಳಕೊಂಡು ಊಟದ ಮೇಜಿನ ಮೇಲೆ ಬೆರಳಾಡಿಸಿ ಅಭ್ಯಾಸ ಉಳಿಸಿಕೊಂಡದ್ದು, ಎಲ್ಲವನ್ನೂ ಪಿಸುಮಾತಲ್ಲೇ ಹೇಳಿದರು. ಅವರ ಗಂಟಲು ಕರ್ಕಶವೆಂದು ನಾವು ಕಿವಿ ಮುಚ್ಚಿಕೊಂಡೆವು ಅಂದುಕೊಂಡಿದ್ದಾರೆ ಅಂತ ನನಗೆ ಗೊತ್ತಾಯಿತು. ಬಿಡಿಸಿ ಹೇಳಲು ನಾಚಿಕೆ ಆಗಿ ಬಾಯಿ ಬರಲಿಲ್ಲ. ಶಿರಸಿ ಮುಟ್ಟುವ ಹೊತ್ತಿಗೆ ಅಧ್ಯಕ್ಷರು, "ಎಷ್ಟು ಮೆತ್ತಗಿನ ಹೆಣ್ಣುಮಗಳು ನೋಡ್ರಿ, ನಮ್ಮ ಮನೆಯೊಳಗಿನವರೂ ಕಲಿಬೇಕು" ಅನ್ನುತ್ತಿದ್ದರು.

ನವಮಿ

ಕ್ಲಬ್ಬಿನ ಬಾಗಿಲಲ್ಲಿ ಮಾವಿನೆಲೆಯ ತೋರಣ ಚೆಂದ ಕಟ್ಟಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಪಿಯಾನೋಕ್ಕೆ ಪಟ್ಟೆಸೀರೆ ಉಡಿಸಿ, ಹೂವು ಏರಿಸಿ, ಎದುರಿಗೆ ದೀಪ ಹಚ್ಚಿದ್ದರು. ಪಕ್ಕದಲ್ಲಿ ಊರಿನ ಹಾರ್ಮೋನಿಯಂ, ತಬಲಾ, ತಂಬೂರಿ, ಒಂದೂ ಬಿಡದೆ.

"ಏನು ಭಟ್ಟರೇ ಇದು?" ಅಂತ ಪೂಜೆಗೆ ಬಂದಿದ್ದ ಪುರೋಹಿತರನ್ನು ಕೇಳಿದೆ.

"ಎಂತ ಅಂದ್ರೆ? ಸರಸ್ವತಿ ಪೂಜೆ. ನಾಳೆ ದಶಮಿ, ಮಧ್ಯಾಹ್ನದ ಮಂಗಳಾರತಿ ಆಗವು. ಅಲ್ಲಿವರೆಗೆ ಯಾರೂ ಮುಟ್ಟ ಹಂಗಿಲ್ಲೆ."

ಮೇಡಂ ಬೆಳಗಾದರೆ ಹೊರಡುವವರು. "ಅವರು ಫ್ರಾನ್ಸಿನವರು" ಅಂತ ಗೋಗರೆದೆ. "ಸರಸ್ವತಿ ಇಲ್ಲಿಯವಳಲ್ದಾ?" ಅಂದರು ಭಟ್ಟರು. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಮೇಡಂ ಕೈಲಿದ್ದ ಸ್ವರದ ಪುಸ್ತಕಗಳನ್ನೂ ಕಣ್ಣಿಗೊತ್ತಿಕೊಂಡು ಒಯ್ದು ಮಕ್ಕಳ ಪಾಟಿ ಪುಸ್ತಕದ ಜೊತೆ ಪೂಜೆಗೆ ಇಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಡವರಿಸಿ ಎಲ್ಲ ಹೇಳಿದೆ. ಮೇಡಂ ನಕ್ಕರು. ಕ್ಲಬ್ಬಿನ ಇಸ್ಪೀಟಿನ ಮೇಜು ತರಿಸಿ, ಅದರ ಮುಂದೆ ಕೂತು, ಕಣ್ಣು ಮುಚ್ಚಿ ನುಡಿಸತೊಡಗಿದರು. ಉಗುರಿನ ಟಕಟಕ ಬಿಟ್ಟರೆ ಇನ್ನೇನಿಲ್ಲ. ತುಂಬಿದ ಸಭೆ ಕೆಮ್ಮದೆ ಕೂತಿತ್ತು. ನಾನು ತಲೆ ಎತ್ತಲಿಲ್ಲ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಪೆಟ್ಟಿಗೆ ಮಾಸ್ತರು ನನ್ನ ಕಡೆ ಬಗ್ಗಿ, "ಕೈ ಚಲೋ ಇದ್ದು. ಶ್ರುತಿ ಮಾತ್ರ ಸ್ವಲ್ಪ ತಗ್ಗಿತ್ತು" ಅಂದರು.

ತೋರಣ

ಬೆಳಿಗ್ಗೆ ಸಿದ್ದಾಪುರದ ಕಡೆ ಕಾರು ಹೊರಡುವುದಿತ್ತು. ಬೀಳ್ಕೊಡಲು ಜನ ಸೇರಿತ್ತು. ಪುಸ್ತಕಗಳನ್ನಾದರೂ ಭಟ್ಟರಿಂದ ಬಿಡಿಸಿ ಕೊಟ್ಟೆನಲ್ಲ ಅಂತ ನನಗೆ ಸಮಾಧಾನ. ಮೇಡಂ ತೋರಣದ ಕೆಳಗೆ ಗಕ್ಕನೆ ನಿಂತರು. ಕೈ ಎತ್ತಿ, ಮಾವಿನೆಲೆ ಪೋಣಿಸಿದ್ದ ತಂತಿಯನ್ನು ಮೀಟಿದರು. ಟಂಯ್ ಅಂತು. ಇನ್ನೊಂದನ್ನು ಮೀಟಿದರು. ಅದು ಬೇರೆ ಸ್ವರ.

"ಈ ತಂತಿ ಎಲ್ಲಿಂದ ಬಂತು?" ಅಂದರು.

ಪೆಟ್ಟಿಗೆ ಮಾಸ್ತರನ್ನು ಕೇಳಿದೆ.

"ಆ ಪಿಯಾನೋದ್ದೇಯ. ಒಳಗೆ ರಾಶಿ ತುಂಬಿತ್ತು, ಗಾಳಿ ಹೋಪಲೆ ದಾರಿನೇ ಇತ್ತಿಲ್ಲೆ. ಎಲ್ಲ ಬಿಚ್ಚಿ ತೆಗದಿ. ಚಲೋ ತಂತಿ, ಹಾಳು ಮಾಡದು ಎಂತಕ್ಕೆ ಹೇಳಿ ತೋರಣಕ್ಕೆ ಕೊಟ್ಟಿ."

ಹಾಗಾದರೆ ನಿನ್ನೆ ಪೂಜೆಯ ಅಡ್ಡಿ ಬರದೆ ಮೇಡಂ ಆ ಪಿಯಾನೋದ ಮುಂದೆ ಕೂತಿದ್ದರೂ ಕೇಳುತ್ತಿದ್ದದ್ದು ಅದೇ ಟಕಟಕ. ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ನೆಲ ನೋಡಿಕೊಂಡು, ಒಂದೊಂದೇ ಮಾತಾಗಿ ಇಂಗ್ಲಿಷಿಗೆ ತಿರುಗಿಸಿದೆ. ಕೊನೆಗೆ ಮಾಸ್ತರ ಕಡೆ ಕೈ ತೋರಿಸಿ, "ಇವರೇ" ಅಂದೆ.

ಮೇಡಂ ಅವರನ್ನೊಮ್ಮೆ ನೋಡಿ, ಇನ್ನು ಕೇಳಲಾರೆ ಅನ್ನುವ ಹಾಗೆ ಎರಡೂ ಕೈಯಿಂದ ಎರಡೂ ಕಿವಿ ಮುಚ್ಚಿಕೊಂಡರು.

ಸೇರಿದ್ದ ಜನ "ಆಹಾ" ಅಂದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಮಾಸ್ತರು ಶಾಲು ಸರಿಪಡಿಸಿಕೊಂಡು, ಕೈ ಎತ್ತಿ ಮೇಡಂಗೆ ಆಶೀರ್ವಾದ ಮಾಡಿ, ನನಗೆ ಮೆಲ್ಲಗೆ ಹೇಳಿದರು:

"ಪಾಪ, ಗುರು ಯಾರು ಹೇಳಿ ಹೋಗ್ವಾಗಾದ್ರೂ ಗೊತ್ತಾತು."